ಕವಿಶಿಷ್ಯ ಪಂಜೆ ಮಂಗೇಶರಾಯರು: ನಾಲಗೆಯಲ್ಲಿ ಬಿಡಿಸಿದ ಚಿತ್ರಗಳು

ಪಂಜೆ ಮಂಗೇಶರಾಯರು ಹುಟ್ಟಿದ್ದು 1874ರ ಫೆಬ್ರವರಿ 22ರಂದು, ನೇತ್ರಾವತಿ ದಂಡೆಯ ಬಂಟ್ವಾಳದಲ್ಲಿ. ಮನೆತನದ ಮೂಲ ಸುಳ್ಯದ ಕಡೆಯ ಪಂಜ ಎಂಬ ಊರು. ಹೆಸರಿನ ಮುಂದೆ ‘ಪಂಜೆ’ ಸೇರಿದ್ದು ಹಾಗೆ. ತಂದೆ ರಾಮಪ್ಪಯ್ಯ. ಮುಂದೆ ಮಗ ‘ರಾ. ಮ. ಪಂ.’ ಎಂದು ರುಜು ಹಾಕಿ ಬರೆದಾಗ ಅದರ ಮೊದಲ ಅಕ್ಷರದಲ್ಲಿ ತಂದೆ, ಕೊನೆಯ ಅಕ್ಷರದಲ್ಲಿ ಊರು ಇದ್ದವು. ಸಾರಸ್ವತರ ಮನೆಯಾದ್ದರಿಂದ ಮನೆಮಾತು ಕೊಂಕಣಿ. ಹೊಸ್ತಿಲು ದಾಟಿದರೆ ತುಳು. ಶಾಲೆಯಲ್ಲಿ ಕನ್ನಡ. ದೊಡ್ಡ ಶಾಲೆಗೆ ಹೋದರೆ ಇಂಗ್ಲಿಷ್, ಏಕೆಂದರೆ ಆಗಿನ ದಕ್ಷಿಣ ಕನ್ನಡ ಜಿಲ್ಲೆ ಮದರಾಸು ಪ್ರಾಂತದಲ್ಲಿತ್ತು.

ಅವರ ಬರವಣಿಗೆಯನ್ನು ತಿಳಿಯಲು ಈ ನಾಲ್ಕು ಮಾತುಗಳ ಸಂಗತಿಯಿಂದಲೇ ಹೊರಡಬೇಕು. ಕನ್ನಡದ ಮಕ್ಕಳಿಗೆ ಪದ್ಯ ಹಾಡಲು ಕಲಿಸಿದ ಮನುಷ್ಯನಿಗೆ ಕನ್ನಡ ತೊಟ್ಟಿಲಿನ ಭಾಷೆಯಾಗಿರಲಿಲ್ಲ, ಕಲಿತ ಭಾಷೆಯಾಗಿತ್ತು. ಅವರು ಪಾಠ ಹೇಳಿದ ಮಕ್ಕಳಲ್ಲೂ ಅರ್ಧಕ್ಕರ್ಧ ಹಾಗೆಯೇ ಕಲಿಯಲು ಬಂದವರು. ನಮ್ಮ ಕಲಬುರಗಿ ಸೀಮೆಯ ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ಶಾಲೆಗಳಲ್ಲಿ ಪಾಠ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಲ್ಲಿಯ ಒಂದೇ ಬೆಂಚಿನ ಮೇಲೆ ಕನ್ನಡದ ಮಗು, ತೆಲುಗಿನ ಮಗು, ದಖನಿ ಉರ್ದುವಿನ ಮಗು, ತಾಂಡಾದಿಂದ ಬಂದ ಲಂಬಾಣಿ ಮಗು ಕೂಡಿ ಕೂತಿರುತ್ತವೆ. ಅಂಥ ತರಗತಿಯಲ್ಲಿ ಶಬ್ದದ ಅರ್ಥ ಎಲ್ಲರಿಗೂ ಒಟ್ಟಿಗೆ ತಲುಪುವುದಿಲ್ಲ. ಶಬ್ದದ ಸಪ್ಪಳ ಮಾತ್ರ ಎಲ್ಲರಿಗೂ ಒಟ್ಟಿಗೆ ತಲುಪುತ್ತದೆ. ಪಂಜೆಯವರ ಕಸುಬೆಲ್ಲ ಈ ಸಪ್ಪಳದ ಮೇಲೆ ನಿಂತಿದೆ.

ಅವರು ಹುಟ್ಟಿದ ವರ್ಷಕ್ಕೆ ಈ ಸೀಮೆಯಲ್ಲಿ ಇನ್ನೊಂದು ಗುರುತಿದೆ. ವಾಡಿಯಿಂದ ಚಿತ್ತಾಪುರ, ಮಳಖೇಡ ರೋಡ್, ಸೇಡಂ, ತಾಂಡೂರು ಹಾಯ್ದು ಸಿಕಂದರಾಬಾದಿಗೆ ಹೋಗುವ ನಿಜಾಮರ ರೈಲುದಾರಿ ಸಂಚಾರಕ್ಕೆ ತೆರೆದದ್ದೂ 1874ರಲ್ಲೇ. ಬಂಟ್ವಾಳದ ಕೂಸಿಗೂ ಈ ಹಳಿಗೂ ಆಗ ಯಾವ ಸಂಬಂಧವೂ ಇರಲಿಲ್ಲ. ಅವರ ಬಾಳಿನ ಕೊನೆಯ ಅಧ್ಯಾಯ ಮಾತ್ರ ಈ ಹಳಿಯ ಆಚೆ ತುದಿಯಲ್ಲಿ ಮುಗಿಯಿತು.

ಬಾಲ್ಯ ಬಡತನದ್ದು. ತಂದೆ ಬೇಗ ತೀರಿಕೊಂಡಿದ್ದರಿಂದ ಸಂಸಾರದ ನೊಗ ಎಳೆಯ ಹೆಗಲಿಗೆ ಬಿತ್ತು. ಓದಲು ಮಂಗಳೂರಿಗೆ ಬಂದ ಹುಡುಗ ಮನೆಪಾಠ ಹೇಳುತ್ತ, ತಮ್ಮಂದಿರನ್ನು ಸಾಕುತ್ತ ಕಾಲೇಜು ಮೆಟ್ಟಿಲು ಹತ್ತಿದ. ಆಗಿನ ಮಂಗಳೂರು ಅಚ್ಚಿನ ಊರು. ಬಾಸೆಲ್ ಮಿಷನ್ನಿನವರ ಮುದ್ರಣಾಲಯ 1841ರಿಂದ ಅಲ್ಲಿ ನಡೆಯುತ್ತಿತ್ತು. ಹರ್ಮನ್ ಮೋಗ್ಲಿಂಗರು 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಡಿಸಿದ್ದು, ಕಿಟ್ಟೆಲ್ಲರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಹೊರಬಂದದ್ದು ಈ ಊರಿನಲ್ಲೇ. ನಿಘಂಟು ಬಂದ ವರ್ಷ ಪಂಜೆಯವರಿಗೆ ಇಪ್ಪತ್ತು. ಮುಂದೆ ಅದೇ ಮಿಷನ್ನಿಗಾಗಿ ಅವರು ಕೇಶಿರಾಜನ ‘ಶಬ್ದಮಣಿದರ್ಪಣ’ದ ಕಿಟ್ಟೆಲ್ ಆವೃತ್ತಿಯನ್ನು ಪರಿಷ್ಕರಿಸಿಕೊಟ್ಟರು. ಮಕ್ಕಳ ಪದ್ಯಗಳನ್ನು ಓದುವಾಗ ಈ ವ್ಯಾಕರಣದ ಕೆಲಸ ಮರೆತುಹೋಗುತ್ತದೆ, ಮರೆಯಬಾರದು. ಬಾಯಿಗೆ ಬಂದಂತೆ ಕುಣಿದಂತೆ ಕಾಣುವ ಆ ಸಾಲುಗಳ ಹಿಂದೆ ಧಾತು, ಪ್ರತ್ಯಯ, ಅನುಕರಣಶಬ್ದಗಳ ಲೆಕ್ಕವನ್ನು ಚೆನ್ನಾಗಿ ಬಲ್ಲವರೊಬ್ಬರಿದ್ದರು.

ಓದು ಪೂರ್ತಿ ಮುಗಿಯುವ ಮೊದಲೇ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರ ಕೆಲಸ ಸಿಕ್ಕಿತು. ಬಿ.ಎ., ಎಲ್.ಟಿ. ಪದವಿಗಳನ್ನು ಕೆಲಸದ ಜೊತೆಯಲ್ಲೇ ಪಡೆದರು. ಅವರಲ್ಲಿ ಕಲಿತವರ ಪೈಕಿ ಮಂಜೇಶ್ವರದ ಗೋವಿಂದ ಪೈಗಳೂ ಒಬ್ಬರು. ಆಮೇಲೆ ವಿದ್ಯಾ ಇಲಾಖೆ ಅವರನ್ನು ಶಾಲಾ ತನಿಖಾಧಿಕಾರಿಯನ್ನಾಗಿ ಮಾಡಿತು. ಬೇರೆ ಯಾರಿಗಾದರೂ ಅದು ಬಡ್ತಿ ಅಷ್ಟೇ ಆಗುತ್ತಿತ್ತು. ಪಂಜೆಯವರಿಗೆ ಜಿಲ್ಲೆಯ ಮಕ್ಕಳೆಲ್ಲ ದಕ್ಕಿದರು. ಹೊಳೆ ದಾಟಿ, ಗುಡ್ಡ ಹತ್ತಿ, ಒಂದು ಮಾಡಿನ ಕೆಳಗೆ ನಡೆಯುವ ಐಗಳ ಶಾಲೆಗಳಿಗೆ ಹೋಗಬೇಕು. ಸಾಹೇಬರು ಬಂದರೆಂದು ಮಕ್ಕಳು ನಡುಗುತ್ತಿದ್ದ ಕಾಲ. ಈ ಸಾಹೇಬರು ಬಂದರೆ ಕಥೆ ಹೇಳುತ್ತಾರೆ, ಅಭಿನಯ ಮಾಡಿ ಹಾಡಿಸುತ್ತಾರೆ ಎಂಬ ಸುದ್ದಿ ಹಬ್ಬಿತು. ಅವರ ಪದ್ಯಗಳಲ್ಲಿ ಹೆಚ್ಚಿನವಕ್ಕೆ ಮೊದಲ ಓದುಗರು ಇದ್ದದ್ದು ಇಂಥ ತರಗತಿಯಲ್ಲಿ. ಓದುಗರು ಎನ್ನುವುದಕ್ಕಿಂತ ಕೇಳುಗರು ಎನ್ನುವುದೇ ಸರಿ.

ಪತ್ರಿಕೆಗೆ ಬರೆಯಲು ತೊಡಗಿದ್ದು ಇದಕ್ಕೂ ಮುಂಚೆ. ಬೆನಗಲ್ ರಾಮರಾಯರ ಸಂಪಾದಕತ್ವದಲ್ಲಿ 1900ರಲ್ಲಿ ಮಂಗಳೂರಿನಿಂದ ಹೊರಟ ‘ಸುವಾಸಿನಿ’ಯಲ್ಲಿ ಪಂಜೆಯವರ ‘ನನ್ನ ಚಿಕ್ಕ ತಾಯಿ’ಯಂಥ ಪುಟ್ಟ ಕಥೆಗಳು ಬಂದವು. ಹರಟೆಗೆ ‘ಹರಟೆಮಲ್ಲ’ ಎಂಬ ಹೆಸರು. ‘ಕಮಲಪುರದ ಹೋಟ್ಲಿನಲ್ಲಿ’ ಮುಂತಾದ ಕಥೆಗಳನ್ನು ಮುಂದಿಟ್ಟುಕೊಂಡು ಕನ್ನಡದ ಸಣ್ಣಕಥೆಯ ಮೊದಲಿಗರು ಯಾರು ಎಂಬ ವಾದ ಇಂದಿಗೂ ನಡೆಯುತ್ತದೆ. ಮಾಸ್ತಿಯವರಿಗೆ ಸಣ್ಣಕಥೆಯ ಜನಕರೆಂಬ ಬಿರುದು ಉಳಿದಿದೆ. ಆದರೆ ಅವರಿಗಿಂತ ಹತ್ತು ವರ್ಷ ಮೊದಲೇ ಪಂಜೆ ಈ ದಾರಿ ತುಳಿದಿದ್ದರು ಎಂಬುದನ್ನು ವಿಮರ್ಶಕರು ಒಪ್ಪುತ್ತಾರೆ. ‘ದುರ್ಗಾವತಿ’ಯಂಥ ಐತಿಹಾಸಿಕ ಕಥೆಗಳನ್ನೂ ಅವರು ಬರೆದರು. ಇವು ಈಗ ಸಾಹಿತ್ಯ ಚರಿತ್ರೆಯವರ ಪಾಲಿಗೆ ಉಳಿದಿವೆ, ಮಕ್ಕಳ ಪಾಲಿಗಲ್ಲ.

ಪದ್ಯಗಳಿಗೆ ಅವರು ಆರಿಸಿಕೊಂಡ ಹೆಸರು ‘ಕವಿಶಿಷ್ಯ’. ಕವಿಚಕ್ರವರ್ತಿ, ಕವಿರಾಜ ಎಂಬ ಬಿರುದುಗಳ ಪರಂಪರೆಯ ಭಾಷೆಯಲ್ಲಿ ಇದು ವಿನಯದ ಹೆಸರು, ಸ್ವಲ್ಪ ತುಂಟತನದ ಹೆಸರೂ ಹೌದು. ಶಾಲೆಯಲ್ಲಿ ಗುರುವಾಗಿ ನಿಂತವರು ಪುಸ್ತಕದಲ್ಲಿ ಶಿಷ್ಯರ ಸಾಲಿನಲ್ಲಿ ಕೂತರು.

ಅವರಿಗಿಂತ ಮೊದಲು ಮಕ್ಕಳ ಕೈಗೆ ಸಿಗುತ್ತಿದ್ದದ್ದೇನು? ಸೋಮೇಶ್ವರ ಶತಕ, ಜೈಮಿನಿ ಭಾರತದ ಪದ್ಯಗಳ ಕಂಠಪಾಠ, ನೀತಿವಾಕ್ಯಗಳು, ಇಂಗ್ಲಿಷ್ ವಾಚಕಗಳ ಒಣ ಅನುವಾದ. ದೊಡ್ಡವರು ಮಕ್ಕಳಿಗೆ ಹೇಳಬೇಕೆಂದುಕೊಂಡದ್ದೆಲ್ಲ ಇತ್ತು. ಮಕ್ಕಳು ಕೇಳಬೇಕೆಂದುಕೊಂಡದ್ದು ಅಜ್ಜಿಯ ಬಾಯಲ್ಲಿ ಮಾತ್ರ ಇತ್ತು. ಪಂಜೆ ಮಾಡಿದ್ದು ಆ ಅಜ್ಜಿಯನ್ನು ಶಾಲೆಗೆ ಕರೆದುಕೊಂಡು ಬಂದದ್ದು. 1921ರಲ್ಲಿ ಮಂಗಳೂರಿನಲ್ಲಿ ‘ಬಾಲಸಾಹಿತ್ಯ ಮಂಡಲ’ ಹುಟ್ಟಿತು. ಮಕ್ಕಳಿಗೆಂದೇ ಪುಸ್ತಕ ಬರೆಯಿಸಿ ಅಚ್ಚು ಹಾಕಿಸುವ ಸಂಘ. ಅದರ ಜೀವಾಳವಾಗಿದ್ದವರು ಪಂಜೆ.

ಕಥೆಗಳ ಹೆಸರುಗಳನ್ನು ಸುಮ್ಮನೆ ಒಂದರ ಹಿಂದೊಂದು ಹೇಳಿನೋಡಬೇಕು: ‘ಮೆಣಸಿನ ಕಾಳಪ್ಪ’, ‘ಗುಡುಗುಡು ಗುಮ್ಮಟದೇವರು’, ‘ಇಲಿಗಳ ಥಕಥೈ’, ‘ಹೇನು ಸತ್ತು ಕಾಗೆ ಬಡವಾಯಿತು’, ‘ಸಿಗಡಿ ಯಾಕೆ ಒಣಗಲಿಲ್ಲ?’. ಹೆಸರು ಹೇಳುವಷ್ಟರಲ್ಲೇ ನಾಲಗೆಗೆ ಕೆಲಸ ಹತ್ತುತ್ತದೆ. ‘ಥಕಥೈ’ ಯಕ್ಷಗಾನದ ಕುಣಿತದ ಬಾಯಿತಾಳ. ಅದನ್ನು ಇಲಿಗಳ ಕಾಲಿಗೆ ಕಟ್ಟಿದೊಡನೆ ಕರಾವಳಿಯ ಮಗುವಿನ ಕಣ್ಣ ಮುಂದೆ ಗೆಜ್ಜೆ ಕಟ್ಟಿದ ಇಲಿ ಬಂದು ನಿಲ್ಲುತ್ತದೆ. ಹೇನು ಸತ್ತರೆ ಕಾಗೆ ಯಾಕೆ ಬಡವಾಗಬೇಕು ಎಂದು ಕೇಳದೆ ಯಾವ ಮಗುವೂ ಇರಲಾರದು. ಹೆಸರಿನಲ್ಲೇ ಪ್ರಶ್ನೆ ಹುಟ್ಟಿಸಿ ಪುಟ ತಿರುಗಿಸುವಂತೆ ಮಾಡುವ ಈ ಹಂಚಿಕೆ ಕನ್ನಡ ಮಕ್ಕಳ ಪುಸ್ತಕಕ್ಕೆ ಅಲ್ಲಿಯತನಕ ಗೊತ್ತಿರಲಿಲ್ಲ.

ಸಿಗಡಿಯ ಕಥೆ ಸರಪಳಿ ಕಥೆಗಳ ಜಾತಿಯದು. ಒಂದು ಒಣಗಲಿಲ್ಲ, ಯಾಕೆ? ಇನ್ನೊಂದು ಅಡ್ಡ ಬಂತು. ಅದು ಯಾಕೆ ಅಡ್ಡ ಬಂತು? ಮತ್ತೊಂದು ತನ್ನ ಕೆಲಸ ಮಾಡಲಿಲ್ಲ. ಹೀಗೆ ತಪ್ಪು ಒಬ್ಬರಿಂದ ಒಬ್ಬರಿಗೆ ಜಾರುತ್ತ ಹೋಗಿ ಕೊನೆಗೆ ಎಲ್ಲರಿಗಿಂತ ಚಿಕ್ಕದರ ಹತ್ತಿರ ನಿಲ್ಲುತ್ತದೆ. ಸೇಡಂ, ತಾಂಡೂರು ಗಡಿಯ ಮನೆಗಳಲ್ಲಿ ಇದೇ ಜಾತಿಯ ಕಥೆಯನ್ನು ಮುದುಕಿಯರು ತೆಲುಗಿನಲ್ಲಿ ರಾಜನ ಏಳು ಮಕ್ಕಳು, ಏಳು ಮೀನು ಎಂದು ಹೇಳುತ್ತಾರೆ. ಅಲ್ಲಿಯೂ ಒಂದು ಮೀನು ಒಣಗುವುದಿಲ್ಲ. ಕಡಲಿಲ್ಲದ ಬಯಲುಸೀಮೆಗೂ ಕಡಲಂಚಿನ ಊರಿಗೂ ಒಂದೇ ಕಥೆ ಇರುವುದು ವಿಶೇಷವಲ್ಲ, ಸರಪಳಿ ಕಥೆಗಳು ದೇಶದ ಉದ್ದಗಲಕ್ಕೂ ಹರಿದಾಡಿವೆ. ಪಂಜೆಯವರ ವಿಶೇಷ ಇರುವುದು ಅದನ್ನು ಪುಸ್ತಕದ ಕನ್ನಡಕ್ಕೆ ಇಳಿಸುವಾಗ ಬಾಯಿಮಾತಿನ ಬಿಸಿ ಆರದಂತೆ ನೋಡಿಕೊಂಡದ್ದರಲ್ಲಿ. ಇಂಥ ಕಥೆಯಲ್ಲಿ ಮಗುವಿಗೆ ಅಕ್ಷರ ಕೂಡಿಸಿ ಓದಲು ಬಾರದಿದ್ದರೂ ಮುಂದಿನ ಪ್ರಶ್ನೆ ಏನೆಂದು ಗೊತ್ತಿರುತ್ತದೆ. ಕಿವಿ ಮುಂದೆ ಹೋಗಿ ಕಣ್ಣಿಗೆ ದಾರಿ ತೋರುತ್ತದೆ. ಓದು ಕಲಿಸುವವರು ಇವತ್ತು ಇದನ್ನೇ ದೊಡ್ಡ ಹೆಸರುಗಳಿಂದ ಕರೆಯುತ್ತಾರೆ.

ಹೊರಗಿನ ಕಥೆಗಳನ್ನೂ ಅವರು ಬಿಡಲಿಲ್ಲ. ‘ಮೂರು ಕರಡಿಗಳು’ ಇಂಗ್ಲೆಂಡಿನ ರಾಬರ್ಟ್ ಸದೆ 1837ರಲ್ಲಿ ಅಚ್ಚು ಹಾಕಿಸಿದ ಕಥೆಯ ವಂಶದ್ದು. ಸದೆಯ ಕಥೆಯಲ್ಲಿ ಕರಡಿಗಳ ಮನೆ ಹೊಕ್ಕವಳು ಒಬ್ಬ ಮುದುಕಿ. ಚಿನ್ನದ ಕೂದಲಿನ ಹುಡುಗಿ ಬಂದದ್ದು ಆಮೇಲೆ. ಕಥೆಗಳು ಊರೂರು ಸುತ್ತುವಾಗ ವೇಷ ಬದಲಿಸುತ್ತವೆ. ಕನ್ನಡಕ್ಕೆ ಬಂದ ಕರಡಿಗಳಲ್ಲೂ ಇಂಗ್ಲೆಂಡಿನ ಚಳಿ ಉಳಿದಿಲ್ಲ.

ಪದ್ಯಗಳಲ್ಲಿ ಎಲ್ಲರಿಗೂ ಗೊತ್ತಿರುವುದು ‘ನಾಗರಹಾವೆ’. ಕನ್ನಡ ಶಾಲೆ ಕಂಡವರಲ್ಲಿ ಇದರ ಲಯ ಕೇಳದವರು ವಿರಳ. ಪದ್ಯದಲ್ಲಿ ಮಾತಾಡುವುದು ಒಂದು ಮಗು, ಕೇಳಿಸಿಕೊಳ್ಳುವುದು ಹಾವು. ಮೊದಲು ಮಗು ಕೈಮುಗಿದು ಕರೆಯುತ್ತದೆ, ಹೆಡೆಯ ಚೆಲುವನ್ನು ಹೊಗಳುತ್ತದೆ, ಹಾಲು ಕೊಡುತ್ತೇನೆ ಎನ್ನುತ್ತದೆ. ಕೊನೆಗೆ ಹೊರಟುಹೋಗೆಂದು ಬೇಡಿಕೊಳ್ಳುತ್ತದೆ. ಪ್ರೀತಿ, ಆಸೆ, ಭಯ ಮೂರೂ ಒಂದೇ ಉಸಿರಿನಲ್ಲಿ. ಪ್ರತಿ ನುಡಿಯೂ ಒಂದಕ್ಷರದ ಮಾತೊಂದನ್ನು ಮತ್ತೆ ಮತ್ತೆ ಹೇಳುತ್ತ ಮುಗಿಯುತ್ತದೆ. ಆ ಒಂದಕ್ಷರದ ಸಾಲು ಹಾಡುವಾಗ ಮಕ್ಕಳ ಕೈ ತಾನಾಗಿ ಹೆಡೆಯಾಗುತ್ತದೆ, ಮೊದಲ ಸಲ ಒಳಕ್ಕೆ ಕರೆಯುತ್ತದೆ, ಕೊನೆಯ ಸಲ ಹೊರಕ್ಕೆ ತಳ್ಳುತ್ತದೆ. ಅಭಿನಯವನ್ನು ಯಾರೂ ಕಲಿಸಬೇಕಾಗಿಲ್ಲ, ಅದು ಛಂದಸ್ಸಿನಲ್ಲೇ ಕೂತಿದೆ. ಕಲಬುರಗಿ ಸೀಮೆಯ ಮಕ್ಕಳಿಗೆ ಈ ಪದ್ಯ ಪಂಚಮಿಯ ಜೊತೆ ಹೆಣೆದುಕೊಂಡಿದೆ. ಅಳ್ಳು, ತಂಬಿಟ್ಟು, ಜೋಕಾಲಿ, ಹುತ್ತಕ್ಕೆ ಹಾಲೆರೆಯಲು ಹೋಗುವ ಅಕ್ಕಂದಿರು. ಪೂಜೆ ಮಾಡುತ್ತಲೇ ಹೆದರುವ, ಹೆದರುತ್ತಲೇ ಇಣುಕಿ ನೋಡುವ ಆ ಮನಸ್ಸನ್ನು ಪಂಜೆ ಹಿಡಿದಷ್ಟು ಸರಿಯಾಗಿ ಬೇರೆಯವರು ಹಿಡಿದದ್ದು ಅಪರೂಪ.

‘ತೆಂಕಣ ಗಾಳಿಯಾಟ’ದಲ್ಲಿ ಇದೇ ಕಸುಬು ದೊಡ್ಡ ಅಳತೆಯಲ್ಲಿದೆ. ಮಳೆಗಾಲಕ್ಕೆ ಮೊದಲು ಕಡಲ ಮೇಲಿಂದ ನುಗ್ಗುವ ಗಾಳಿ ಅದರ ನಾಯಕ. ಗಾಳಿಯನ್ನು ಯಾರೂ ಕಂಡಿಲ್ಲ. ಅದು ತಾಗಿದ ವಸ್ತುವಿನ ಸಪ್ಪಳದಿಂದಲೇ ಅದನ್ನು ತೋರಿಸಬೇಕು. ಪಂಜೆ ಹಾಗೆಯೇ ತೋರಿಸುತ್ತಾರೆ. ಕನ್ನಡದಲ್ಲಿ ಈ ಬಗೆಯ ಶಬ್ದಗಳಿಗೆ ಬರವಿಲ್ಲ. ಮಳೆ ಜಿಟಿಜಿಟಿ ಎಂದರೆ ಒಂದು, ಧೋ ಎಂದರೆ ಇನ್ನೊಂದು. ಇಲ್ಲಿಯ ಮಾತಿನಲ್ಲಿ ಗಾಳಿ ಭರ್ರಂತ ಬಂದರೆ ಒಂದು, ಸುಂಯ್ಯಂತ ಬೀಸಿದರೆ ಮತ್ತೊಂದು. ವ್ಯಾಕರಣಕಾರರು ಅನುಕರಣಶಬ್ದ ಎಂದು ಒಂದು ಮೂಲೆಗಿಟ್ಟಿದ್ದನ್ನು ಪಂಜೆ ಪದ್ಯದ ನಡುಮನೆಗೆ ತಂದರು. ಮೃಗಶಿರಾ ಮಳೆಗೆ ಕಾದು ತೊಗರಿ ಬಿತ್ತುವ ನಾಡಿನ ಮಗುವಿಗೆ ಕಡಲಗಾಳಿಯ ಪರಿಚಯವಿಲ್ಲ. ಆದರೂ ಪದ್ಯ ಅರ್ಥವಾಗುತ್ತದೆ.

ಇಲ್ಲಿ ಚಿತ್ರದ ಮಾತು ಬರುತ್ತದೆ. ಪಂಜೆಯವರ ಕಾಲದಲ್ಲೇ ಜಗತ್ತಿನ ಬೇರೆ ಕಡೆ ಮಕ್ಕಳ ಲೇಖಕರು ತಮ್ಮ ಪುಸ್ತಕಕ್ಕೆ ತಾವೇ ಚಿತ್ರ ಬರೆಯುತ್ತಿದ್ದರು. ಇಂಗ್ಲೆಂಡಿನ ಬಿಯಾಟ್ರಿಕ್ಸ್ ಪಾಟರ್ 1902ರಲ್ಲಿ ನೀಲಿ ಕೋಟಿನ ಮೊಲವೊಂದನ್ನು ಬಣ್ಣದಲ್ಲಿ ಬರೆದು, ಅದರ ಕಥೆಯನ್ನೂ ಬರೆದರು. ಬಂಗಾಳದಲ್ಲಿ ಉಪೇಂದ್ರಕಿಶೋರ ರಾಯರು 1913ರಲ್ಲಿ ‘ಸಂದೇಶ್’ ಎಂಬ ಮಕ್ಕಳ ಪತ್ರಿಕೆ ಹೊರಡಿಸಿದರು. ಚಿತ್ರಗಳ ಬ್ಲಾಕ್ ಮಾಡುವ ವಿದ್ಯೆಯಲ್ಲಿ ಅವರೇ ಸಂಶೋಧಕರು. ಅವರ ಮಗ ಸುಕುಮಾರ ರಾಯರು ತಮ್ಮ ಹುಚ್ಚುಪದ್ಯಗಳ ವಿಚಿತ್ರ ಪ್ರಾಣಿಗಳನ್ನು ತಾವೇ ಬಿಡಿಸಿದರು. 1923ರಲ್ಲಿ ‘ಆಬೋಲ್ ತಾಬೋಲ್’ ಪುಸ್ತಕ ಹೊರಬರುವ ಹೊತ್ತಿಗೆ ಅವರೇ ತೀರಿಹೋಗಿದ್ದರು. ಬಂಗಾಳದ ಈ ರಾಯರಿಗೆ ಸ್ವಂತ ಅಚ್ಚುಕೂಟವಿತ್ತು, ಬ್ಲಾಕ್ ಇತ್ತು, ಕಾಗದವಿತ್ತು. ಪಂಜೆಯವರಿಗೆ ಇದ್ದದ್ದು ಇಲಾಖೆಯ ಸಂಬಳ ಮತ್ತು ತರಗತಿ. ಹಾಗಾಗಿ ಚಿತ್ರಕಾರ ಮಾಡಬೇಕಾದ ಕೆಲಸವನ್ನು ಅವರು ಸ್ವರವ್ಯಂಜನಗಳಿಂದ ಮಾಡಿಸಿದರು. ಒಂದು ಲಾಭವೂ ಆಯಿತು. ಬಣ್ಣದ ಪುಟ ಹರಿದುಹೋಗುತ್ತದೆ, ಮರುಮುದ್ರಣಕ್ಕೆ ಖರ್ಚು ಬೀಳುತ್ತದೆ. ಸಪ್ಪಳದ ಚಿತ್ರ ಪುಸ್ತಕವೇ ಇಲ್ಲದ ಶಾಲೆಗೂ ಹೋಗಿಬಂತು.

ಎಲ್ಲವೂ ಒಂದೇ ತೂಕದ್ದಲ್ಲ. ಪದ್ಯಗಳಲ್ಲಿ ಅಲ್ಲಲ್ಲಿ ಹಳಗನ್ನಡದ ಕ್ರಿಯಾಪದಗಳು ಇಣುಕುತ್ತವೆ, ಇವತ್ತಿನ ಮಗು ಅಲ್ಲಿ ತುಸು ಎಡವುತ್ತದೆ. ಪಾಠಕ್ಕೆಂದೇ ಬರೆದ ಕೆಲವು ಬರಹಗಳಲ್ಲಿ ಮಾಸ್ತರರ ಬೆತ್ತ ಬಾಗಿಲ ಹಿಂದೆ ನಿಂತಿರುವುದು ಗೊತ್ತಾಗುತ್ತದೆ. ಬರೆದದ್ದರ ಒಟ್ಟು ಪ್ರಮಾಣವೂ ಹೆಚ್ಚಲ್ಲ.

ಮಕ್ಕಳ ಬರಹದ ಆಚೆಗೂ ತಲುಪಿದ ಅವರ ಕೃತಿ ‘ಕೋಟಿ ಚೆನ್ನಯ’. ತುಳುನಾಡಿನ ಅವಳಿ ವೀರರ ಕಥೆ ಅದುವರೆಗೆ ಪಾಡ್ದನದಲ್ಲಿ, ಅಂದರೆ ಗದ್ದೆಯಲ್ಲಿ ನಾಟಿ ಮಾಡುವವರ ಹಾಡಿನಲ್ಲಿ ಮತ್ತು ಗರಡಿಗಳೆಂಬ ಗುಡಿಗಳ ನೇಮದ ಆಚರಣೆಯಲ್ಲಿ ಉಳಿದಿತ್ತು. ಪಂಜೆ ಅದನ್ನು ಕನ್ನಡ ಗದ್ಯಕ್ಕೆ ತಂದರು. ಬಿಲ್ಲವ ಮನೆಯ ಹುಡುಗರಿಬ್ಬರು ಕನ್ನಡ ಪುಸ್ತಕದ ನಾಯಕರಾದದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ. ಬೀದಿಯ ತುಳುವಿಗೆ ಶಾಲೆಯ ಕನ್ನಡದಲ್ಲಿ ಜಾಗ ಸಿಕ್ಕಿತು.

1920ರ ದಶಕದಲ್ಲಿ ಕೆಲಸ ಅವರನ್ನು ಕೊಡಗಿಗೆ ಕರೆದೊಯ್ದಿತು. ಶಾಲಾ ತನಿಖೆ, ಬಳಿಕ ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನ ಮುಖ್ಯೋಪಾಧ್ಯಾಯತನ. ಅಲ್ಲಿಯ ಮನೆಗಳಲ್ಲಿ ಕೊಡವ ಮಾತು. ಪಂಜೆಯವರಿಗೆ ಇನ್ನೊಂದು ಭಾಷೆಯ ಮಕ್ಕಳು ಸಿಕ್ಕರು. ಕೊಡವರ ಸುಗ್ಗಿ ಹುತ್ತರಿಯನ್ನು ಕುರಿತ ‘ಹುತ್ತರಿ ಹಾಡು’ ಅಲ್ಲಿಯ ಫಲ. ಬೆಟ್ಟ, ಮಂಜು, ಗದ್ದೆ, ವೀರರ ನೆನಪು ಎಲ್ಲ ಒಂದೇ ಓಟದ ಲಯದಲ್ಲಿ ಬರುವ ಈ ಹಾಡನ್ನು ಕೊಡಗು ತನ್ನ ನಾಡಗೀತೆಯಂತೆ ಕಾಪಾಡಿಕೊಂಡಿದೆ. ಬರೆದವರು ಕೊಡಗಿನವರಲ್ಲ ಎಂಬುದು ಅಲ್ಲಿ ಯಾರಿಗೂ ಅಡ್ಡಿಯಾಗಿಲ್ಲ.

ನಿವೃತ್ತಿಯ ಬಳಿಕ, 1934ರಲ್ಲಿ, ಇಪ್ಪತ್ತನೆಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರಿಗೆ ಬಂತು. ಸ್ಥಳ ರಾಯಚೂರು. ನಿಜಾಮ ರಾಜ್ಯದ ಕನ್ನಡ ಜಿಲ್ಲೆಗಳಲ್ಲಿ ಸಮ್ಮೇಳನ ನಡೆದದ್ದು ಅದು ಎರಡನೆಯ ಸಲ, 1928ರಲ್ಲಿ ಬಿ.ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ ಕಲಬುರಗಿಯಲ್ಲಿ ನಡೆದಿತ್ತು. ಸಭೆ ಸೇರಬೇಕಾದರೆ ಸರ್ಕಾರದ ಅಪ್ಪಣೆ ಬೇಕಾಗಿದ್ದ ಕಾಲ. ಆಡಳಿತ, ನ್ಯಾಯಾಲಯ, ಮೇಲಿನ ಓದು ಎಲ್ಲ ಉರ್ದುವಿನಲ್ಲಿ. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯ 1918ರಲ್ಲಿ ಉರ್ದು ಮಾಧ್ಯಮದಲ್ಲೇ ಆರಂಭವಾಗಿತ್ತು. ಕನ್ನಡದ ಮಗು ಅಲಿಫ್, ಬೇ ಬರೆದು ಮನೆಗೆ ಬಂದು, ಮಠದಲ್ಲೋ ಖಾಸಗಿ ಶಾಲೆಯಲ್ಲೋ ಅ, ಆ ಕಲಿಯಬೇಕಾದ ಸ್ಥಿತಿ ಎಷ್ಟೋ ಊರುಗಳಲ್ಲಿತ್ತು. ಕನ್ನಡದಲ್ಲಿ ಉಳಿದುಬಂದ ಮೊದಲ ಶಾಸ್ತ್ರಗ್ರಂಥ ‘ಕವಿರಾಜಮಾರ್ಗ’ ಹುಟ್ಟಿದ ಮಾನ್ಯಖೇಟ, ಈಗಿನ ಮಳಖೇಡ, ಈ ರಾಜ್ಯದೊಳಗೇ, ಕಾಗಿಣಾ ದಂಡೆಯ ಹಳ್ಳಿಯಾಗಿ ಬಿದ್ದಿತ್ತು. ಓದು ಕಲಿಯದವರೂ ಇಲ್ಲಿ ಕಾವ್ಯದ ಬಗೆ ಬಲ್ಲವರು ಎಂದು ಒಂಬತ್ತನೆಯ ಶತಮಾನದಲ್ಲಿ ಆ ಗ್ರಂಥ ಹೊಗಳಿದ ಜನರ ಮೊಮ್ಮಕ್ಕಳಿಗೆ ಕನ್ನಡ ಅಕ್ಷರ ದುಬಾರಿಯಾಗಿತ್ತು. ಅಂಥ ನಾಡಿನ ಸಮ್ಮೇಳನಕ್ಕೆ ಅಧ್ಯಕ್ಷರಾಗಿ ಬಂದವರು ಮಹಾಕಾವ್ಯ ಬರೆದವರಲ್ಲ, ಮಕ್ಕಳಿಗೆ ಪದ್ಯ ಕಟ್ಟಿದ ಮಾಸ್ತರರು. ಆಯ್ಕೆ ಮಾಡಿದವರ ಮನಸ್ಸಿನಲ್ಲಿ ಏನೇ ಇದ್ದಿರಲಿ, ಅಕ್ಷರಕ್ಕೆ ಹಸಿದ ಕಡೆ ಅಕ್ಷರ ಕಲಿಸುವವರನ್ನು ಕೂರಿಸಿದ್ದು ಒಪ್ಪುವ ಕೆಲಸ.

ಬಾಳಿನ ಕೊನೆಯ ದಿನಗಳನ್ನು ಅವರು ಹೈದರಾಬಾದಿನಲ್ಲಿ ಕಳೆದರು. ರಾಯಚೂರಿನಿಂದ ಆ ಊರಿಗೆ ರೈಲಿನಲ್ಲಿ ಹೋಗುವವರು ವಾಡಿಯಲ್ಲಿ ತಿರುಗಿ, ಸೇಡಂ ದಾಟಿಯೇ ಹೋಗುತ್ತಿದ್ದರು. 1937ರ ಅಕ್ಟೋಬರಿನಲ್ಲಿ, ಅರವತ್ಮೂರನೆಯ ವಯಸ್ಸಿನಲ್ಲಿ ಪಂಜೆಯವರು ಅಲ್ಲಿಯೇ ತೀರಿಕೊಂಡರು.

ಅವರ ಪದ್ಯಗಳು ಈ ಸೀಮೆಯ ಸರ್ಕಾರಿ ಶಾಲೆಗಳ ಒಳಗೆ ಬರಲು ಇನ್ನೂ ಸಮಯ ಹಿಡಿಯಿತು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತಕ್ಕೆ ಸೇರಿತು, 1956ರ ನವೆಂಬರ್ 1ರಂದು ಕಲಬುರಗಿ, ರಾಯಚೂರು, ಬೀದರ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಬಂದವು. ಆಮೇಲೆ ಬಂಟ್ವಾಳದ ಮಗುವೂ ಚಿಂಚೋಳಿಯ ಮಗುವೂ ಒಂದೇ ಪಠ್ಯಪುಸ್ತಕ ಬಿಚ್ಚುವಂತಾಯಿತು. 1970ರ ದಶಕದಲ್ಲಿ, ಹುಟ್ಟಿ ನೂರು ವರ್ಷ ತುಂಬುವ ಹೊತ್ತಿಗೆ, ಪಂಜೆಯವರ ಬರಹಗಳನ್ನು ಓರಿಯಂಟ್ ಲಾಂಗ್‌ಮನ್ ಸಂಸ್ಥೆ ಸಂಪುಟಗಳಾಗಿ ಹೊರತಂದಿತು.

ಅವರ ಹಿಂದೆ ಹೊರಟವರ ಸಾಲು ಉದ್ದವಿದೆ: ಹೊಯಿಸಳ, ಜಿ.ಪಿ. ರಾಜರತ್ನಂ, ದಿನಕರ ದೇಸಾಯಿ. ಈ ಕಡೆಯಿಂದ ಸಿದ್ದಯ್ಯ ಪುರಾಣಿಕರು ‘ತುಪ್ಪಾ ರೊಟ್ಟಿ ಗೇ ಗೇ ಗೇ’ ಎಂದು ಮಕ್ಕಳ ಪದ್ಯಪುಸ್ತಕಕ್ಕೆ ಹೆಸರಿಟ್ಟಾಗ ಪಂಜೆಯವರ ನಾಲಗೆಯ ರುಚಿ ಅದರಲ್ಲಿತ್ತು. ಪುರಾಣಿಕರು 1987ರಲ್ಲಿ ಕಲಬುರಗಿಯಲ್ಲೇ ನಡೆದ ಸಮ್ಮೇಳನಕ್ಕೆ ಅಧ್ಯಕ್ಷರಾದರು. 2020ರ ಫೆಬ್ರವರಿಯಲ್ಲಿ ಸಮ್ಮೇಳನ ಮತ್ತೆ ಕಲಬುರಗಿಗೆ ಬಂದಾಗ ಅಧ್ಯಕ್ಷಪೀಠದಲ್ಲಿದ್ದವರು ಎ‌ಚ್.ಎಸ್. ವೆಂಕಟೇಶಮೂರ್ತಿ, ಅವರೂ ಮಕ್ಕಳಿಗೆ ಹಾಡು, ನಾಟಕ ಬರೆದವರೇ.